ಗಾಂಜಾ ಗಿಡ ಮಣ್ಣಿನಿಂದ ಏನೇನು ಹೀರುತ್ತೆ? ಹೆಂಪ್ ಬೀಜ ಮಾರುವ ಅಂಗಡಿಯವರೂ ತಿಳ್ಕೊಬೇಕು

ಹತ್ತಿ ಹೊಲದ ನಡುವೆ ಗಾಂಜಾ, ಇಷ್ಟು ಕೆಜಿ ವಶ, ಇಬ್ಬರ ಬಂಧನ. ರಾಜ್ಯದಲ್ಲಿ ಇಂಥ ಸುದ್ದಿ ಬರ್ತಾನೇ ಇರುತ್ತೆ. ಮಾತೆಲ್ಲ ಅಮಲು, ಕೇಸಿನ ಸುತ್ತಲೇ. ಆ ಗಿಡದೊಳಗೆ ಅಮಲು ಬಿಟ್ಟು ಇನ್ನೇನಿದೆ ಅಂತ ಕೇಳೋರು ಕಡಿಮೆ.

ಗಾಂಜಾ ಜಾತಿಯ ಗಿಡ ಬೇಗ ಎತ್ತರಕ್ಕೆ ಬೆಳೆಯುತ್ತೆ, ಬೇರು ಆಳಕ್ಕೆ ಇಳಿಯುತ್ತೆ. ನೀರು, ಗೊಬ್ಬರದ ಜೊತೆ ಮಣ್ಣಿನಲ್ಲಿರೋ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಎಳೆದುಕೊಳ್ಳುತ್ತೆ. ಒಂದಷ್ಟು ಬೇರಲ್ಲೇ ಉಳಿಯುತ್ತೆ, ಒಂದಷ್ಟು ಕಾಂಡ, ಎಲೆ, ಹೂವಿಗೆ ಏರುತ್ತೆ. ಲೋಹ ಕೊಳೆತು ಹೋಗೋ ವಸ್ತುವಲ್ಲ. ಎಲೆ ಒಣಗಿದ್ರೂ ಅದರಲ್ಲೇ ಇರುತ್ತೆ.

ಮಣ್ಣು ತೊಳೆಯೋ ಗಿಡ

ಈ ಗುಣವನ್ನೇ ಕೆಲವು ದೇಶಗಳು ಬಳಸಿಕೊಂಡಿವೆ. ಉಕ್ರೇನಿನ ಚೆರ್ನೋಬಿಲ್ ಅಣು ಸ್ಥಾವರ 1986ರಲ್ಲಿ ಸ್ಫೋಟಗೊಂಡು ಸುತ್ತಲ ಭೂಮಿ ಹಾಳಾಯ್ತು. 1998ರಲ್ಲಿ ಅಲ್ಲಿ ಮಣ್ಣು ಶುದ್ಧಿಗೆ ಹೆಂಪ್ ಬೆಳೆಸಿ ನೋಡಿದರು. ಇಟಲಿಯ ಟರಾಂಟೊದಲ್ಲಿ ಉಕ್ಕಿನ ಕಾರ್ಖಾನೆ ಪಕ್ಕದ ಜಮೀನಿನಲ್ಲೂ ಇದೇ ಪ್ರಯತ್ನ ನಡೆದಿದೆ. ಆದ್ರೆ ಮಣ್ಣಿನಿಂದ ಹೋದ ವಿಷ ಗಿಡದಲ್ಲಿ ಕೂತಿರುತ್ತೆ. ಅಂಥ ಬೆಳೆಯನ್ನು ತಿನ್ನೋಕೆ, ಸೇದೋಕೆ ಬಳಸೋ ಹಾಗಿಲ್ಲ.

ಸೇದೋರ ಕಥೆ ಏನು? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಗಾಂಜಾ ಮಾತ್ರ ಬಳಸುವವರ ರಕ್ತದಲ್ಲಿ ಸೀಸ ಶೇ 27ರಷ್ಟು, ಕ್ಯಾಡ್ಮಿಯಂ ಶೇ 22ರಷ್ಟು ಹೆಚ್ಚು ಇತ್ತು. ಹೋಲಿಸಿದ್ದು ಗಾಂಜಾ, ತಂಬಾಕು ಎರಡೂ ಮುಟ್ಟದವರ ಜೊತೆ. ಗಾಂಜಾ ಕಾನೂನುಬದ್ಧವಾಗಿರೋ ಕ್ಯಾಲಿಫೋರ್ನಿಯಾದಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಪರೀಕ್ಷೆ ಆಗದೆ ಮಾಲು ಅಂಗಡಿಗೆ ಬರೋ ಹಾಗಿಲ್ಲ. ನಮ್ಮಲ್ಲಿ ಕದ್ದು ಮಾರೋ ಪೊಟ್ಟಣಕ್ಕೆ ಯಾವ ಪರೀಕ್ಷೆ? ಯಾವ ನೀರು ಕುಡಿದು ಬೆಳೆದಿದೆ, ಯಾವ ಔಷಧಿ ಹೊಡೆದಿದ್ದಾರೆ, ಮಾರೋನಿಗೂ ಗೊತ್ತಿರಲ್ಲ.

ಅಂಗಡಿಗೂ ಬಂತು

ಇದು ಸೇದೋರಿಗೆ ಮಾತ್ರ ಸಂಬಂಧಪಟ್ಟ ವಿಷಯ ಅಂದುಕೊಳ್ಳಬೇಡಿ. ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಅಂದ್ರೆ ಹೂವಿನ ತುದಿ. ಬೀಜ ಅದರಲ್ಲಿ ಸೇರಲ್ಲ. 2021ರಲ್ಲಿ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರೋಕೆ ಒಪ್ಪಿಗೆ ಕೊಟ್ಟಿದೆ. ಈ ಹೆಂಪ್ ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತೋ ಸೆಣಬು ಅಲ್ಲ. ಗಾಂಜಾ ಜಾತಿಯದ್ದೇ, ಅಮಲು ಕಡಿಮೆ ಇರೋ ತಳಿ.

ಇಂಥ ಮಾಲು ತರಿಸುವ ಅಂಗಡಿಯವರು ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ನೋಡಿ. ಕಂಪನಿಯವರು ಲ್ಯಾಬ್ ವರದಿ ತೋರಿಸಿದ್ರೆ ಅಮಲಿನ ಅಂಶ ಎಷ್ಟು ಅಂತ ಮಾತ್ರ ಓದಿ ಬಿಡಬೇಡಿ. ಸೀಸ, ಕ್ಯಾಡ್ಮಿಯಂ ಸಾಲು ಇದೆಯಾ ಕೇಳಿ. ಬೀಜ ಎಲ್ಲಿ ಬೆಳೆದದ್ದು ಅಂತಲೂ ಕೇಳಿ. ಚರಂಡಿ ನೀರಲ್ಲಿ ಬೆಳೆದ ಸೊಪ್ಪಿನ ಬಗ್ಗೆ ಗಿರಾಕಿ ಕೇಳೋ ಪ್ರಶ್ನೆಯೇ ಇದು. ಇಲ್ಲಿ ಗಿರಾಕಿಗೆ ಕೇಳಬೇಕು ಅಂತ ಗೊತ್ತಿಲ್ಲ, ಹಾಗಾಗಿ ಅಂಗಡಿಯವರೇ ಮೊದಲು ಕೇಳಬೇಕಾಗುತ್ತೆ.