ಹಚ್ಚೆ: ಕೆಲವು ತಪ್ಪು ಕಲ್ಪನೆಗಳು

ಸತ್ತೂರಿನಂಥ ಊರುಗಳಲ್ಲಿ ವಯಸ್ಸಾದ ಅಜ್ಜಿಯರ ಮುಂಗೈ, ಗದ್ದಗಳ ಮೇಲೆ ಹಚ್ಚೆಯ ಹಸಿರು ಚುಕ್ಕೆಗಳು ಕಾಣಸಿಗುತ್ತವೆ. ಕೊರವಂಜಿಯರು ಊರೂರು ತಿರುಗಿ ಸೂಜಿಯಿಂದ ಚುಚ್ಚಿ ಹಾಕಿದ ಗುರುತುಗಳವು. ಈಗ ಮೊಮ್ಮಕ್ಕಳು ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಯಂತ್ರದಿಂದ ‘ಟ್ಯಾಟೂ’ ಹಾಕಿಸಿಕೊಳ್ಳುತ್ತಾರೆ. ಹೆಸರು ಬದಲಾದರೂ ಚರ್ಮದೊಳಗೆ ನಡೆಯುವ ಕ್ರಿಯೆ ಬದಲಾಗಿಲ್ಲ.

ಬಣ್ಣ ಚರ್ಮದ ಮೇಲಿರುತ್ತದೆ ಎಂಬುದು ಮೊದಲ ತಪ್ಪು ಕಲ್ಪನೆ. ಹೊರಚರ್ಮ ಸುಮಾರು ತಿಂಗಳಿಗೊಮ್ಮೆ ಸವೆದು ಹೊಸದಾಗುತ್ತದೆ. ಬಣ್ಣ ಅಲ್ಲೇ ಇದ್ದರೆ ತಿಂಗಳಲ್ಲಿ ಮಾಯವಾಗಬೇಕಿತ್ತು. ಸೂಜಿ ಅದನ್ನು ಒಳಚರ್ಮಕ್ಕೆ ಇಳಿಸುತ್ತದೆ. ದೇಹದ ರಕ್ಷಕ ಜೀವಕೋಶಗಳು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಒಂದು ಕೋಶ ಸತ್ತರೆ ಅದು ಬಿಟ್ಟ ಬಣ್ಣವನ್ನು ಇನ್ನೊಂದು ನುಂಗುತ್ತದೆ. ಇದನ್ನು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳಲ್ಲಿ ತೋರಿಸಿದರು. ಅಜ್ಜಿಯ ಹಚ್ಚೆ ಉಳಿದಿರುವುದು ಹೀಗೆ. ಅದರಲ್ಲಿ ಮುಖ್ಯವಾಗಿದ್ದದ್ದು ದೀಪದ ಕಪ್ಪು ಮಸಿ. ಮೇಲಿನ ಚರ್ಮ ಬೆಳಕನ್ನು ಚದುರಿಸುವುದರಿಂದ ಅದು ಹಸಿರು-ನೀಲಿಯಾಗಿ ಕಾಣುತ್ತದೆ.

ಸೂಜಿ ಹೊಸದಾದರೆ ಸಾಕು ಎಂಬುದು ಎರಡನೆಯದು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ರಕ್ತದ ಮೂಲಕ ಹರಡುತ್ತವೆ. ಒಬ್ಬರಿಗೆ ಅದ್ದಿದ ಬಣ್ಣದ ಬಟ್ಟಲಲ್ಲೇ ಇನ್ನೊಬ್ಬರಿಗೂ ಅದ್ದಿದರೆ ಹೊಸ ಸೂಜಿ ಇದ್ದೂ ಪ್ರಯೋಜನವಿಲ್ಲ. ಮತ್ತೆ ಬಳಸುವ ಉಪಕರಣಗಳನ್ನು ಬಿಸಿನೀರಲ್ಲಿ ತೊಳೆದರೆ ಸಾಲದು. ಆಟೋಕ್ಲೇವ್‌ನಲ್ಲಿ, ಒತ್ತಡದ ಉಗಿಯಲ್ಲಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ ಇಡಬೇಕು. ಬಣ್ಣದ ಶುದ್ಧತೆಯ ಪ್ರಶ್ನೆಯೂ ಇದೆ. ಅಮೆರಿಕದ ಮಾರುಕಟ್ಟೆಯ 75 ಬಣ್ಣಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26ರಲ್ಲಿ ಬ್ಯಾಕ್ಟೀರಿಯಾ ಕಂಡವು. ಟ್ಯಾಟೂ ಬಣ್ಣಗಳಲ್ಲಿ ಲೋಹಗಳು ಪತ್ತೆಯಾದ ಬಗ್ಗೆ 2025ರಲ್ಲಿ ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಎಚ್ಚರಿಸಿದ್ದರು.

ಹಚ್ಚೆ ಇದ್ದವರು ಎಂದೂ ರಕ್ತದಾನ ಮಾಡಬಾರದು ಎಂಬುದೂ ಸರಿಯಲ್ಲ. ಭಾರತದ ಮಾರ್ಗಸೂಚಿಯಂತೆ ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ಕಾಯಬೇಕು. ಸೋಂಕು ತಗುಲಿದ್ದರೂ ಕೆಲಕಾಲ ಪರೀಕ್ಷೆಯಲ್ಲಿ ಕಾಣದಿರಬಹುದು; ಅದಕ್ಕೇ ಈ ಅವಧಿ.

‘ಬೇಡವಾದರೆ ಲೇಸರ್‌ನಿಂದ ತೆಗೆಸಿದರಾಯಿತು’ ಎನ್ನುವವರಿದ್ದಾರೆ. ಲೇಸರ್ ಬಣ್ಣದ ಕಣಗಳನ್ನು ಒಡೆಯುತ್ತದೆ, ಒಂದೇ ಸಲಕ್ಕೆ ಅಳಿಸುವುದಿಲ್ಲ. ವಾರಗಳ ಅಂತರದಲ್ಲಿ ಹಲವು ಬಾರಿ ಹೋಗಬೇಕು. ಖರ್ಚೂ ನೋವೂ ಹೆಚ್ಚು. ಕೆಲವು ಬಣ್ಣಗಳು ಪೂರ್ತಿ ಹೋಗುವುದಿಲ್ಲ, ಕಲೆ ಉಳಿಯಬಹುದು. ನೌಕರಿಯ ತಯಾರಿಗೆಂದು ಧಾರವಾಡಕ್ಕೆ ಬಂದ ತರುಣರು ಇದನ್ನು ವಿಶೇಷವಾಗಿ ಗಮನಿಸಬೇಕು. ಭೂಸೇನೆಯ ಭರ್ತಿಯಲ್ಲಿ, ಬುಡಕಟ್ಟು ಸಂಪ್ರದಾಯದವರನ್ನು ಬಿಟ್ಟರೆ, ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಕಾಯಂ ಹಚ್ಚೆಗೆ ಅವಕಾಶ. ಕುತ್ತಿಗೆಯ ಮೇಲಿನ ಒಂದು ಹೆಸರು ವರ್ಷಗಳ ಓಟದ ಅಭ್ಯಾಸವನ್ನು ವ್ಯರ್ಥ ಮಾಡಬಲ್ಲದು.

ಜಾತ್ರೆಯಲ್ಲಿ ಹಾಕುವ ‘ಕಪ್ಪು ಮೆಹಂದಿ’ ನಿರಪಾಯ ಎಂದು ಪಾಲಕರು ನಂಬುತ್ತಾರೆ. ನಿಜವಾದ ಮೆಹಂದಿಯ ಬಣ್ಣ ಕಿತ್ತಳೆ ಮಿಶ್ರಿತ ಕಂದು. ಕಡುಗಪ್ಪು ಬಣ್ಣ ಬರಲು ತಲೆಗೂದಲಿನ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸಿರುವುದುಂಟು. ಅದರಿಂದ ಮಕ್ಕಳ ಚರ್ಮದ ಮೇಲೆ ಗುಳ್ಳೆ ಏಳಬಹುದು.

ಮಗ ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ಹಾಕುತ್ತಿದ್ದರೆ ಪಾಲಕರು ಮೊದಲು ಬೈಯದೆ, ಗಾಯ ನೋಡಲಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಗಾಯವೇ ಕೀವಾಗುತ್ತದೆ. ಕೆಂಪು ಹರಡಿದರೆ, ಊತ, ಕೀವು, ಜ್ವರ ಬಂದರೆ ಅಂಗಡಿಯವನ ಮುಲಾಮು ಹಚ್ಚುತ್ತ ಕೂರಬಾರದು. ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರಲಿ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಇರಲಿ, ಚರ್ಮರೋಗ ತಜ್ಞರಿಗೆ ತೋರಿಸಬೇಕು. ಇನ್ನೂ ಹಾಕಿಸಿಕೊಳ್ಳದವರು ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ನೋಡಿಕೊಂಡು, ಒಂದು ವರ್ಷ ಯೋಚಿಸಲಿ. ವರ್ಷದ ನಂತರವೂ ಅದೇ ಚಿತ್ರ ಬೇಕೆನಿಸಿದರೆ ಆಗ ನಿರ್ಧರಿಸಬಹುದು.