ಮೇಲ್ಮನವಿ ತೀರ್ಮಾನವಾಗುವವರೆಗೆ ಬೀದಿ ವ್ಯಾಪಾರಿಗಳಿಗೆ ತಾತ್ಕಾಲಿಕ ವ್ಯಾಪಾರ ಪತ್ರ ನೀಡುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಬೃಹನ್ಮುಂಬಯಿ ಮಹಾನಗರಪಾಲಿಕೆ, ಮುಂಬಯಿ

ಇವರಿಂದ,
ಮುಂಬಯಿ ನಗರ ಮತ್ತು ಉಪನಗರಗಳ ಕನ್ನಡಿಗ ಬೀದಿ ವ್ಯಾಪಾರಿಗಳು

ವಿಷಯ: ಮೇಲ್ಮನವಿ ಬಾಕಿ ಇರುವ ಅವಧಿಯಲ್ಲಿ ವ್ಯಾಪಾರದ ಹಕ್ಕಿಗೆ ಲಿಖಿತ ಪುರಾವೆ ಒದಗಿಸುವ ಕುರಿತು

ಉಲ್ಲೇಖ: ಬೀದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಅಧಿನಿಯಮ, 2014, ಕಲಂ 3, 11, 19 ಮತ್ತು 20

ಮಾನ್ಯರೇ,

ಕಲಬುರಗಿ, ವಿಜಯಪುರ, ಯಾದಗಿರಿ ಸೀಮೆಯಿಂದ ದುಡಿಮೆಗಾಗಿ ಬಂದು ಈ ನಗರದಲ್ಲಿ ಹೂ, ತರಕಾರಿ, ತಿಂಡಿ ಮಾರಿ ಸಂಸಾರ ಸಾಗಿಸುತ್ತಿರುವ ನಾವು ಕೆಳಕಂಡ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇವೆ.

ಜೀವನೋಪಾಯದ ಹಕ್ಕು ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದ್ದು ಇದೇ ನಗರದ ಫುಟ್‌ಪಾತ್ ನಿವಾಸಿಗಳ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ. 2014ರ ಕಾಯ್ದೆಯ ಕಲಂ 3(3)ರಂತೆ, ಸಮೀಕ್ಷೆ ಮುಗಿದು ಎಲ್ಲ ವ್ಯಾಪಾರಿಗಳಿಗೆ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪ್ರಮಾಣಪತ್ರದ ವಿಚಾರದಲ್ಲಿ ಅನ್ಯಾಯವಾದರೆ ಕಲಂ 11ರಡಿ ಪಾಲಿಕೆಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿದಾರರ ಅಹವಾಲು ಕೇಳದೆ ಅದನ್ನು ಇತ್ಯರ್ಥಪಡಿಸುವಂತಿಲ್ಲ. ಆದರೆ ಆ ತೀರ್ಮಾನ ಬರುವವರೆಗೆ ವ್ಯಾಪಾರಿ ಯಾವ ಕಾಗದ ತೋರಿಸಿ ದುಡಿಯಬೇಕು ಎಂಬುದನ್ನು ಕಲಂ 11 ಹೇಳುವುದಿಲ್ಲ.

2014ರ ಸಮೀಕ್ಷೆಯಲ್ಲಿ 99,435 ಅರ್ಜಿಗಳು ಬಂದವು. ಪ್ರಮಾಣಪತ್ರ ನೀಡುವ ಪಟ್ಟಣ ವ್ಯಾಪಾರ ಸಮಿತಿಗೆ 2024ರ ಆಗಸ್ಟ್‌ನಲ್ಲಿ ಚುನಾವಣೆ ನಡೆದಾಗ ಮತದಾರರ ಪಟ್ಟಿಯಲ್ಲಿದ್ದವರು 32,415 ಮಂದಿ. ಹೊರಗುಳಿದವರಲ್ಲಿ ನಮ್ಮಂಥ ವಲಸಿಗರಿಗೆ ದೊಡ್ಡ ತೊಡಕು 15 ವರ್ಷದ ವಾಸ ಸಾಬೀತುಪಡಿಸುವ ಡೊಮಿಸೈಲ್ ಪ್ರಮಾಣಪತ್ರ. ಅದಕ್ಕೆ ಕೇಳುವ ಶಾಲಾ ದಾಖಲೆಯನ್ನು ಶಾಲೆಯ ಮುಖ ನೋಡದವರು ಎಲ್ಲಿಂದ ತರಬೇಕು? ಖೋಲಿಯ ಬಾಡಿಗೆ ಕರಾರು ಕೇಳಿದರೆ ಮಾಲೀಕರು ಕೊಡುವುದಿಲ್ಲ.

ಹೂ ಮಾರುವ ನಮ್ಮ ಹೆಂಗಸರ ಕೈಚೀಲದ ಪ್ಲಾಸ್ಟಿಕ್ ಕವರಿನಲ್ಲಿ ಸಮೀಕ್ಷೆಯ ಚೀಟಿ, ಆಧಾರ್, ದಂಡ ಕಟ್ಟಿದ ರಸೀದಿಗಳು, ಪಿಎಂ ಸ್ವನಿಧಿ ಯೋಜನೆಯ ಸಾಲದ ಪತ್ರ ಎಲ್ಲವೂ ಇರುತ್ತವೆ. ಇಷ್ಟು ವರ್ಷ ಇಲ್ಲೇ ಮಾರಿದ್ದಾರೆ ಎಂಬುದಕ್ಕೆ ಇವೆಲ್ಲ ಸಾಕ್ಷಿ. ಇವತ್ತು ಮಾರಬಹುದು ಎನ್ನುವ ಕಾಗದ ಮಾತ್ರ ಅದರಲ್ಲಿಲ್ಲ. ತೆರವು ಗಾಡಿ ಬಂದು ನಿಂತಾಗ ಕೇಳುವುದು ಅದನ್ನೇ. ಸಂಜೆಯೊಳಗೆ ಮಾರದ ಮಲ್ಲಿಗೆಗೆ ಮರುದಿನ ಬೆಲೆಯಿಲ್ಲ.

ಇದಕ್ಕೆ ದಾರಿ ಇಲ್ಲದಿಲ್ಲ. ಬ್ರಿಟನ್ನಿನಲ್ಲಿ ವೀಸಾ ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ, ಅದು ತಿರಸ್ಕೃತವಾದ ಮೇಲೆ ಗಡುವಿನೊಳಗೆ ಮೇಲ್ಮನವಿ ಹೂಡಿದವರ ಹಳೆಯ ಅನುಮತಿ, ಕೆಲಸದ ಹಕ್ಕೂ ಸೇರಿ, ಮೇಲ್ಮನವಿ ಮುಗಿಯುವವರೆಗೆ ಮುಂದುವರಿಯುತ್ತದೆ. ಅವರಿಗೆ ಕೆಲಸ ಕೊಟ್ಟವರು ಅಲ್ಲಿನ ಗೃಹ ಇಲಾಖೆಯನ್ನೇ ವಿಚಾರಿಸಿ ಆರು ತಿಂಗಳು ಮಾನ್ಯವಾಗುವ ದೃಢೀಕರಣ ಪಡೆಯುತ್ತಾರೆ. ಅನ್ಯದೇಶದವರಿಗೆ ಸಿಗುವ ಈ ಸೌಲಭ್ಯವನ್ನು ಸ್ವಂತ ದೇಶದ ನಾಗರಿಕರಾದ ನಾವು ಕೇಳುವುದು ಅತಿಯಾಸೆಯಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಮೇಲ್ಮನವಿ ಸ್ವೀಕರಿಸಿದ ದಿನವೇ ಭಾವಚಿತ್ರ, ಸ್ಥಳ ಮತ್ತು ಕ್ಯೂಆರ್ ಕೋಡ್ ಇರುವ ತಾತ್ಕಾಲಿಕ ವ್ಯಾಪಾರ ಪತ್ರ ನೀಡಬೇಕು. ಅಂತಿಮ ಆದೇಶದವರೆಗೆ ಅದು ಮಾನ್ಯವಾಗಿರಬೇಕು.

2. ವಾರ್ಡ್ ಕಚೇರಿ, ತೆರವು ಸಿಬ್ಬಂದಿ ಹಾಗೂ ಪೊಲೀಸರು ಸ್ಥಳದಲ್ಲೇ ಪರಿಶೀಲಿಸಲು ಬಾಕಿ ಮೇಲ್ಮನವಿಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಇಡಬೇಕು.

3. ಡೊಮಿಸೈಲ್ ಇಲ್ಲದವರ ಸಮೀಕ್ಷಾ ಚೀಟಿ, ದಂಡದ ರಸೀದಿ, ಸ್ವನಿಧಿ ಪತ್ರಗಳನ್ನು ಪುರಾವೆಯಾಗಿ ಪರಿಗಣಿಸಬೇಕು. ಇದಕ್ಕೆ ನಿಯಮ ತಿದ್ದುಪಡಿ ಬೇಕಿದ್ದರೆ ರಾಜ್ಯ ಸರ್ಕಾರಕ್ಕೆ ಶಿಫಾರಸು ಮಾಡಬೇಕು.

4. ಕಲಂ 19ರಂತೆ ಜಪ್ತಿ ಮಾಡಿದ ಸರಕಿನ ಪಟ್ಟಿ ಕೊಡಬೇಕು. ಕೋರಿಕೆ ಸಲ್ಲಿಸಿದ ದಿನವೇ ಕೊಳೆಯುವ ಸರಕನ್ನೂ, ಎರಡು ಕೆಲಸದ ದಿನಗಳೊಳಗೆ ಉಳಿದುದನ್ನೂ ಮರಳಿಸಬೇಕು.

5. ಕಲಂ 20ರ ಕುಂದುಕೊರತೆ ಸಮಿತಿಯ ವಿಳಾಸ, ವಿಚಾರಣೆಯ ದಿನಗಳನ್ನು ಪ್ರತಿ ವಾರ್ಡ್ ಕಚೇರಿಯಲ್ಲಿ ಮರಾಠಿ, ಹಿಂದಿ, ಕನ್ನಡಗಳಲ್ಲಿ ಪ್ರಕಟಿಸಬೇಕು.

ಪಾದಚಾರಿಗಳ ದಾರಿಗೆ ಅಡ್ಡಿಯಾಗದಂತೆ ನಡೆದುಕೊಳ್ಳಲು, ನಿಗದಿತ ಶುಲ್ಕ ಕಟ್ಟಲು ನಾವು ಬದ್ಧರು. ಮೇಲ್ಮನವಿ ತಿರಸ್ಕೃತವಾದರೆ ತಾತ್ಕಾಲಿಕ ಪತ್ರವನ್ನು ಮರಳಿಸುತ್ತೇವೆ. ಮೊದಲ ಬೇಡಿಕೆಯ ಬಗ್ಗೆ 30 ದಿನಗಳೊಳಗೆ ಸುತ್ತೋಲೆ ಹೊರಡಿಸಿ, ನಮಗೆ ಲಿಖಿತ ಉತ್ತರ ದಯಪಾಲಿಸಬೇಕೆಂದು ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳನ್ನು ಲಗತ್ತಿಸಿದೆ)

ಪ್ರತಿ: ಪಟ್ಟಣ ವ್ಯಾಪಾರ ಸಮಿತಿ, ಮುಂಬಯಿ