ಪೊಲೀಸ್ ಆಕ್ಷನ್ ಅಂದ್ರ ಯಾರ ಮ್ಯಾಲ?

ಸೆಪ್ಟೆಂಬರ್ 17 ಬಂದರೆ ಕಲ್ಲೂರಿನಿಂದ ಬೀದರಿನ ತನಕ ಶಾಲೆ ಶಾಲೆಯಲ್ಲಿ ಬಾವುಟ ಏರುತ್ತದೆ. ನಿಜಾಮ ಬಿದ್ದ, ನಾವು ಬಿಡುಗಡೆಯಾದೆವು ಎಂದು ಭಾಷಣಗಳಾಗುತ್ತವೆ. ನಿಜಾಮ ಬಿದ್ದದ್ದಕ್ಕೆ ನಮಗೆ ದುಃಖವಿಲ್ಲ. ಜಹಗೀರದಾರರ ಹೊಲದಲ್ಲಿ ಬಿಟ್ಟಿ ದುಡಿದ ಕೇರಿಗಳು ಆ ದೊರೆತನಕ್ಕಾಗಿ ಅಳಬೇಕಿಲ್ಲ. ನಮ್ಮ ಪ್ರಶ್ನೆ ಬೇರೆ. ಎರಡು ಬಂದೂಕುಗಳ ನಡುವೆ ಬರಿಗೈಯಲ್ಲಿ ನಿಂತವರ ಲೆಕ್ಕ ಬರೆದವರ್ಯಾರು?

ಮೊದಲು ಕಾಸಿಂ ರಜ್ವಿಯ ರಜಾಕಾರರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಜನರನ್ನು ಕೊಚ್ಚಿ ಹಾಕಿದರು. ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದವು. ಇದನ್ನು ಭಾಷಣಗಳಲ್ಲಿ ನೆನೆಯುತ್ತಾರೆ. ನೆನೆಯಲೇಬೇಕು.

ಸೆಪ್ಟೆಂಬರ್ 13ಕ್ಕೆ ಸೈನ್ಯ ಬಂತು. ಟ್ಯಾಂಕು ಬಂದವು, ವಿಮಾನ ಬಂದವು. ಐದು ದಿನದಾಗ ಮುಗೀತು. ಇಟ್ಟ ಹೆಸರು ಮಾತ್ರ ಪೊಲೀಸ್ ಆಕ್ಷನ್! ಟ್ಯಾಂಕು ತರೋ ಪೊಲೀಸರನ್ನ ಎಲ್ಲಿ ಕಂಡೀರಿ? ಯುದ್ಧ ಅಂದರೆ ಹೊರಗಿನವರು ಪ್ರಶ್ನೆ ಕೇಳುತ್ತಾರೆ. ಪೊಲೀಸ್ ಅಂದರೆ ಮನೆಯೊಳಗಿನ ಮಾತು, ಬಾಗಿಲು ಹಾಕಿಕೊಳ್ಳಬಹುದು. ಹೈದರಾಬಾದಿನ ದೂರು ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿಯ ಮುಂದೆ ಬಂತು. ಮರುದಿನ ನಿಜಾಮ ಶರಣಾದ. ಯಾವ ನಿರ್ಣಯವೂ ಆಗದೆ ದೂರು ಕಡತ ಸೇರಿತು.

ಊರುಗಳಲ್ಲಿ ಆಗ ಸೇಡು ಶುರುವಾಯಿತು. ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಗೆ ಹಳ್ಳಿ ಹಳ್ಳಿ ಸುತ್ತಿತು. ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚಿನವರು ಮುಸಲ್ಮಾನರು. ಕೆಲವು ಕಡೆ ಸೈನಿಕರೇ ಲೂಟಿಗೆ ಹುರಿದುಂಬಿಸಿದರು ಎಂದೂ ಬರೆಯಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಹೆಚ್ಚು ನೊಂದ ಜಿಲ್ಲೆಗಳು. ರಾಯಚೂರು ಆ ನಾಲ್ಕರಲ್ಲಿ ಇಲ್ಲ. ಅದಕ್ಕ ನಮಗೇನು ಸಂಬಂಧ ಅನ್ನೋಣೇನು? ವರದಿ ದಶಕಗಟ್ಟಲೆ ಕತ್ತಲಲ್ಲಿತ್ತು. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಕ್ಕಿತು.

ರಜಾಕಾರ ಕೊಂದರೆ ಹತ್ಯಾಕಾಂಡ, ನಮ್ಮವರು ಕೊಂದರೆ ಮೌನ. ಈ ಎರಡು ತಕ್ಕಡಿಯನ್ನು ನಾವು ಒಪ್ಪುವುದಿಲ್ಲ. ಕೇರಿಗೆ ಬೆಂಕಿ ಹಚ್ಚಿದವರು ಗುಂಪು ಘರ್ಷಣೆ ಎಂದು ಬರೆಸುವುದನ್ನು ಕಂಡವರು ನಾವು. ಹೆಸರಿನ ಮೋಸ ನಮಗೆ ತಿಳಿಯದೇನು?

1949ರ ಆಗಸ್ಟ್ 12ರಂದು ಜಿನೀವಾ ಒಪ್ಪಂದಗಳಾದವು. ಆಯುಧ ಹಿಡಿಯದವರನ್ನು ಕೊಲ್ಲಬಾರದು, ಹಿಂಸಿಸಬಾರದು. ದೇಶದೊಳಗಿನ ಕದನದಲ್ಲೂ ಈ ನಿಯಮ ಉಂಟು. ಭಾರತ 1950ರಲ್ಲಿ ಒಪ್ಪಿತು, 1960ರಲ್ಲಿ ಕಾಯಿದೆ ಮಾಡಿತು. ಆದರೆ ಹೆಸರಿನ ಆಟ ನಿಲ್ಲಲಿಲ್ಲ. 2022ರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿ ‘ವಿಶೇಷ ಸೈನಿಕ ಕಾರ್ಯಾಚರಣೆ’ ಎಂದಿತು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮನೆಗಳಿಗೆ ನುಗ್ಗಿ ಕೊಂದಿತು. ಇಸ್ರೇಲು ‘ಆತ್ಮರಕ್ಷಣೆ’ ಎಂದು ಗಾಜಾದ ಆಸ್ಪತ್ರೆ, ಶಾಲೆಗಳ ಮೇಲೆ ಬಾಂಬು ಸುರಿಯಿತು, ಅನ್ನ ತಡೆಯಿತು. ಕೋಣಗಳು ಕಾದಿದರೆ ಮುರಿಯುವುದು ಗಿಡವೇ.

ಗಾಜಾಕ್ಕೆ ಮರುಗುವವರು ಗುಲ್ಬರ್ಗಾಕ್ಕೂ ಮರುಗಲಿ. ಗೋರಟಾ ನೆನೆಯುವವರು ಸುಂದರಲಾಲ್ ವರದಿಯನ್ನೂ ಓದಲಿ. ಅದು ಕನ್ನಡದಲ್ಲಿ ಅಚ್ಚಾಗಿ ಪ್ರತಿ ಶಾಲೆಗೆ ಬರಲಿ ಎಂದು ಸರ್ಕಾರವನ್ನು ಕೇಳುತ್ತೇವೆ. ಮಾಸ್ತರರೇ, ಅದಕ್ಕೆ ಕಾಯಬೇಡಿ. ಆ ಕಾಲ ಕಂಡ ಮುದುಕರು ಇನ್ನು ಬೆರಳೆಣಿಕೆ. ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು ದರ್ಗಾದ ಓಣಿಗೂ ಕಳಿಸಿ, ಅಗಸಿ ಹೊರಗಿನ ಕೇರಿಗೂ ಕಳಿಸಿ. ಹೇಳಿದ್ದನ್ನು ಹೇಳಿದಂತೆ ಬರೆಯಲಿ. ಬಾವುಟದ ಕೆಳಗೆ ನಿಂತು ಅದನ್ನೂ ಓದಲಿ.